ಗೋಡೆಯ ಮೇಲಿನ ಚಿತ್ರಕ್ಕೆ ಮಲ್ಲಿಗಾಳ ಉತ್ತರ

ತಮಿಳುನಾಡಿನ ಕಾಂಗೇಯಂ ಹತ್ತಿರದ ಆ ಊರಿನಲ್ಲಿ ಬೋರ್‌ವೆಲ್ ನೀರು ಕೆಂಪಾಗಿತ್ತು. ಅಕ್ಕಿ ಬೇಯಿಸಿದರೆ ಅನ್ನ ಕೆಂಪು, ಬಟ್ಟೆ ಒಗೆದರೆ ಬಟ್ಟೆ ಕೆಂಪು. ಹಸುಗಳು ತೊಟ್ಟಿಗೆ ಮೂತಿಯಿಟ್ಟು ಹಿಂದೆ ಸರಿಯುತ್ತಿದ್ದವು. ಊರಾಚೆಯ ನಾರಿನ ಗಿರಣಿಯವರು ತೆಂಗಿನ ಸಿಪ್ಪೆ ನೆನೆಸಿದ ನೀರನ್ನು ಪೈಪಿನಲ್ಲಿ ಹಳ್ಳಕ್ಕೆ ಬಿಡುತ್ತಿದ್ದರು. ಅದು ನೆಲಕ್ಕಿಂಗಿ ಬೋರ್‌ವೆಲ್ ಸೇರುತ್ತಿತ್ತು. ಇದು ಎಲ್ಲರಿಗೂ ಗೊತ್ತು. ಹೇಳುವವರು ಯಾರು?

ಮಲ್ಲಿಗಾ ಹೇಳಿದಳು, ಗ್ರಾಮಸಭೆಯಲ್ಲಿ ಎದ್ದು ನಿಂತು. ಆದರೆ ಗಿರಣಿಯ ಮ್ಯಾನೇಜರು ಲ್ಯಾಪ್‌ಟಾಪ್ ತಂದು ಪಂಚಾಯ್ತಿಯ ಪ್ರೊಜೆಕ್ಟರಿಗೆ ಜೋಡಿಸಿದ್ದ. ಗೋಡೆಯ ಮೇಲೆ ಗಿರಣಿಯ ಹಸಿರು ಮರ, ತಿಳಿನೀರಿನ ತೊಟ್ಟಿ ಥಳಥಳ ಹೊಳೆದವು. ಜನ ಚಪ್ಪಾಳೆ ತಟ್ಟಿದರು.

"ಬರೀ ಬಾಯಿಮಾತು ಬೇಡಮ್ಮ, ಆಧಾರ ಇದ್ದರೆ ತಗೊಂಡು ಬಾ" ಎಂದರು ಪಂಚಾಯ್ತಿ ಅಧ್ಯಕ್ಷ, ಊರವರ ಬಾಯಲ್ಲಿ 'ತಲೈವರ್', ಮಯಿಲ್‌ಸಾಮಿ. ಹಿಂದಿನಿಂದ ಯಾರೋ ನಕ್ಕರು. ಆ ನಗು ಮಲ್ಲಿಗಾಳ ಮೈಯೆಲ್ಲ ಉರಿಸಿತು.

ಅವಳ ಮನೆಯ ಮಹಡಿಯಲ್ಲಿ ಜಾಸ್ಮಿನ್ ಬಾಡಿಗೆಗಿದ್ದಳು. ಶಿವಮೊಗ್ಗದ ಕಡೆಯ ಹುಡುಗಿ, ಕಾಂಗೇಯಂನಲ್ಲಿ ಆಫೀಸು ಕೆಲಸ.

"ಜಾಸ್ಮಿನ್, ಆ ಮ್ಯಾನೇಜರು ಗೋಡೆ ಮೇಲೆ ತೋರ್ಸಿದ್ನಲ್ಲ ಪಡಂ, ಚಿತ್ರ, ಅದೇ ತರ ನಂಗೂ ಒಂದು ಮಾಡಿಕೊಡು."

"ಮಾಡಿಕೊಡಲ್ಲ ಅಕ್ಕಾ, ಕಲಿಸಿಕೊಡ್ತೀನಿ. ಸಭೇಲಿ ಪ್ರಶ್ನೆ ಕೇಳಿದ್ರೆ ಉತ್ತರ ಹೇಳೋರು ನೀವೇ ಅಲ್ವಾ?"

ಅತ್ತೆ ಪಳನಿಯಮ್ಮಾಳ್ ಒಳಗಿನಿಂದಲೇ ಗದರಿದರು: "ನಿಂಗ್ಯಾತಕ್ಕಮ್ಮ ಈ ವೇಲೆ, ಈ ಕೆಲಸ? ಗಿರಣಿಯವರ ಪಗೆ ಕಟ್ಕೊಂಡು ಊರಲ್ಲಿ ಬಾಳಕ್ಕೆ ಆಗ್ತದಾ?"

ಮಲ್ಲಿಗಾ ನಿಲ್ಲಲಿಲ್ಲ. ಮಹಿಳಾ ಸಂಘದ ಕಟ್ಟಡದಲ್ಲೊಂದು ಕಂಪ್ಯೂಟರ್ ಇತ್ತು. ಆಯುಧಪೂಜೆಗೆ ಕುಂಕುಮ ಇಡುವುದು ಬಿಟ್ಟರೆ ಅದನ್ನು ಯಾರೂ ಮುಟ್ಟಿರಲಿಲ್ಲ. ಮೌಸ್ ಹಿಡಿದಾಗ ಬಾಣದ ಗುರುತು ಒಂದು ಕಡೆ, ಅವಳ ಕಣ್ಣು ಒಂದು ಕಡೆ. ಆದರೂ ಸಂಜೆ ಸಂಜೆ ಕೂತಳು. ಪೈಪಿನ ಫೋಟೋ, ಹಳ್ಳದ ಫೋಟೋ, ಬೋರ್‌ವೆಲ್ ನೀರು ಹಿಡಿದ ಬಾಟಲಿಯ ಫೋಟೋ, ಎಲ್ಲವನ್ನೂ ಫೋನಿನಿಂದ ಕಂಪ್ಯೂಟರಿಗೆ ಹಾಕಿದಳು. ಮೊದಲ ಸ್ಲೈಡಿನಲ್ಲೇ ತನ್ನ ಸಿಟ್ಟನ್ನೆಲ್ಲ ತಮಿಳಿನಲ್ಲಿ ತುಂಬಿಬಿಟ್ಟಳು.

"ಬಾಗಿಲ ಹತ್ತಿರ ನಿಂತು ಓದಿ ಅಕ್ಕಾ" ಎಂದಳು ಜಾಸ್ಮಿನ್.

ಒಂದಕ್ಷರವೂ ಕಾಣಲಿಲ್ಲ. ಮಲ್ಲಿಗಾ ಎಲ್ಲವನ್ನೂ ಅಳಿಸಿದಳು. ಒಂದು ಸ್ಲೈಡಿಗೆ ಒಂದೇ ಫೋಟೋ, ಕೆಳಗೆ ದೊಡ್ಡಕ್ಷರದಲ್ಲಿ ಒಂದೇ ಸಾಲು: 'ಇದು ನಾವು ಕುಡಿಯುವ ನೀರು.' ಉಳಿದದ್ದನ್ನು ಹೇಳಲು ತನಗೆ ಬಾಯಿಯಿದೆಯಲ್ಲ!

ಖುಷಿಯಲ್ಲಿ ಅದರ ಲಿಂಕನ್ನು ಊರಿನ ವಾಟ್ಸಾಪ್ ಗುಂಪಿಗೆ ಕಳಿಸಿದಳು. ಮರುದಿನ ತೆರೆದು ನೋಡಿದರೆ ಪೈಪಿನ ಫೋಟೋ ಮಾಯ! ಯಾರೋ ಅಳಿಸಿದ್ದರು.

ಅವಳಿಗೆ ಅಳು ಬಂತು. ಜಾಸ್ಮಿನ್ ಮಾತ್ರ ಗಾಬರಿಯಾಗಲಿಲ್ಲ. "ಲಿಂಕ್ ಸಿಕ್ಕಿದವರೆಲ್ಲ ತಿದ್ದಬಹುದು ಅಂತ ಇಟ್ಟುಬಿಟ್ಟಿದ್ದೀರಿ. 'ನೋಡಲು ಮಾತ್ರ' ಅಂತ ಬದಲಾಯಿಸಿ. ಹಳೆಯದು ಎಲ್ಲೂ ಹೋಗಿಲ್ಲ. ಇಲ್ಲಿ ಹಿಂದಿನ ಆವೃತ್ತಿ ಅಂತ ಇದೆ, ಒತ್ತಿ."

ಪೈಪು ಮತ್ತೆ ಪರದೆಯ ಮೇಲೆ ಬಂತು. ಅದರದೊಂದು ಪಿಡಿಎಫ್ ಪ್ರತಿ ಮಾಡಿ ಪೆನ್‌ಡ್ರೈವ್‌ಗೂ ಹಾಕಿಕೊಂಡರು.

ಮನೆಯಲ್ಲಿ ವಿಷಯ ತಿಳಿದ ಪಳನಿಯಮ್ಮಾಳ್ ಸೆರಗು ಬಿಗಿದು ಎದ್ದರು. "ಅಳಿಸಿದ್ದಾರೆ ಅಂದ್ರೆ ಅವರಿಗೆ ಬಯ ಆಗಿದೆ ಅಂತ ತಾನೇ ಅರ್ಥ? ಬಿಡಬೇಡ, ನನ್ನ ಕಣ್ಣು ನೀನು. ಕೂಟಕ್ಕೆ ನಾನೂ ಬರ್ತೀನಿ."

ಸಭೆಯ ದಿನ ಮಯಿಲ್‌ಸಾಮಿ ಕೈ ಚೆಲ್ಲಿದರು. "ಪ್ರೊಜೆಕ್ಟರ್ ಕೆಟ್ಟಿದೆಯಮ್ಮ. ಮುಂದಿನ ಸಲ ನೋಡೋಣ."

"ಬೇಡ ತಲೈವರೇ, ಇವತ್ತೇ" ಎಂದಳು ಮಲ್ಲಿಗಾ. "ಎಲ್ಲರೂ ಫೋನ್ ತೆಗೀರಿ. ನಾನು ಕಳಿಸಿದ ಲಿಂಕ್ ಒತ್ತಿ."

ಸಭೆಯ ತುಂಬ ಫೋನುಗಳು ಬೆಳಗಿದವು. ಫೋನ್ ಇಲ್ಲದವರು ಪಕ್ಕದವರ ಭುಜಕ್ಕೆ ಒರಗಿದರು. ಒಂದೊಂದೇ ಸ್ಲೈಡ್ ಹೇಳುತ್ತಾ ಹೋದಳು. ಮ್ಯಾನೇಜರ್ ನಡುವೆ ಬಾಯಿ ಹಾಕಿದಾಗ ಪಳನಿಯಮ್ಮಾಳ್ ಎದ್ದು ನಿಂತರು. "ನೀ ತೋರ್ಸುವಾಗ ನಾವು ಸುಮ್ನಿದ್ದೋ. ಈಗ ನೀ ಸುಮ್ನಿರು!"

ಈ ಸಲ ಯಾರೂ ನಗಲಿಲ್ಲ. ಸಭೆಗೆ ಬಂದಿದ್ದ ಸರ್ಕಾರಿ ಅಧಿಕಾರಿ ಆ ಪಿಡಿಎಫ್ ಕೇಳಿ ಪಡೆದರು. ನೀರಿನ ಪರೀಕ್ಷೆಗೆ ಠರಾವಾಯಿತು. ಮಾದರಿ ಒಯ್ದು ಪರೀಕ್ಷಿಸಿದಾಗ ಕೊಳೆ ಗಿರಣಿಯದೇ ಎಂದು ಗೊತ್ತಾಗಿ, ಹಳ್ಳಕ್ಕೆ ಬಿಡುತ್ತಿದ್ದ ಪೈಪನ್ನು ಮುಚ್ಚಿಸಿದರು. ನೀರು ಪೂರ್ತಿ ತಿಳಿಯಾಗಲು ಇನ್ನೂ ಕಾಲ ಬೇಕು. ಮಲ್ಲಿಗಾ ಹೊಸ ಫೋಟೋಗಳನ್ನು ಸೇರಿಸುತ್ತಲೇ ಇದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಕಷ್ಟ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದನ್ನು ನಾಲ್ಕು ಜನರಿಗೆ ಕಾಣುವಂತೆ ಮಾಡುವುದನ್ನು ಕಲಿಯಿರಿ. ಸ್ಲೈಡಿಗೊಂದೇ ಮಾತಿರಲಿ. ಹಂಚುವಾಗ 'ನೋಡಲು ಮಾತ್ರ' ಎಂದಿರಲಿ, ಬೇರೆ ಕಡೆಯೂ ಒಂದು ಪ್ರತಿ ಇರಲಿ. ಆಧಾರ ತನ್ನಿ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಡಿ. ತಂದು ಮುಂದಿಡಿ!