ಮುರಿದ ಸದ್ದು

ಅಪ್ಪನ ಖಾಕಿ ಕೋಟಿನ ಜೇಬನ್ನು ಪುಟ್ಟಿ ಒದ್ದೆ ಬಟ್ಟೆಯಿಂದ ಒರೆಸಿ ಇನ್ನೂ ಕೈ ತೆಗೆದಿರಲಿಲ್ಲ, ಜೇಬಿನೊಳಗೆ ಏನೋ ಟಪ್ಪೆಂದು ಸಿಡಿಯಿತು. ಅತ್ತೆ ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದಳು. ಅಷ್ಟರಲ್ಲಿ ಮತ್ತೆರಡು ಸಲ ಟಪ್, ಟಪ್.

“ಏನೇ ಅದು ಪುಟ್ಟಿ?”

“ಕಾಯಿ ಅತ್ತೆ. ಒಣಗಿದ ಕಾಯಿ. ನೀರು ಸೋಕಿದ್ರೆ ಸಿಡಿಯುತ್ತೆ.”

ಅವಳು ಜೇಬನ್ನು ಹೊರಳಿಸಿದಳು. ಸಣ್ಣ ಬೆರಳಿನ ಉಗುರಿಗಿಂತ ತುಸು ಉದ್ದನೆಯ ಕಂದು ಕಾಯಿಗಳು ಹತ್ತೋ ಹನ್ನೆರಡೋ ಅಂಗೈಗೆ ಬಿದ್ದವು. ಮೂರು ಸೀಳಿ ಬಾಯಿ ಬಿಟ್ಟಿದ್ದವು. ಬೀದಿಯ ಮಕ್ಕಳಿಗೆ ಆಟವಾಡಲೆಂದು ಅಪ್ಪ ಇವನ್ನು ಯಾವಾಗಲೂ ಇಟ್ಟುಕೊಂಡಿರುತ್ತಿದ್ದ. ನಾಲಿಗೆಯ ಮೇಲಿಟ್ಟು ಕಾಯುವ ಧೈರ್ಯ ಯಾರಿಗಿದೆ ಎಂದು ಪಂದ್ಯ ಕಟ್ಟುತ್ತಿದ್ದ.

“ಸತ್ತ ಮೇಲೂ ಹೆದರಿಸೋದು ಬಿಡಲಿಲ್ಲ ನಮ್ಮಣ್ಣ,” ಎಂದು ಅತ್ತೆ ಎದೆ ಹಿಡಿದುಕೊಂಡಳು. ಆಮೇಲೆ ನಕ್ಕಳು. ಎರಡು ದಿನದಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಮಂಚದ ಪಕ್ಕ ಕುಳಿತು ಅಪ್ಪನ ಗಲ್ಲಕ್ಕೆ ಸೋಪಿನ ನೊರೆ ಹಚ್ಚುತ್ತಿದ್ದ ಕ್ಷೌರದಂಗಡಿಯ ಮಾಮ ತಲೆ ಎತ್ತಲಿಲ್ಲ. “ಮೀಟರಣ್ಣ ಮುಖ ಅಲ್ಲಾಡಿಸದೆ ಇರೋದು ಇವತ್ತೇ ನೋಡಮ್ಮ. ಇಪ್ಪತ್ತು ವರ್ಷ ಅರ್ಧ ಗಡ್ಡ ಆಗೋಷ್ಟರಲ್ಲಿ ಒಂದು ಹುಲ್ಲಿನ ಪುರಾಣ ಶುರು ಮಾಡೋನು. ಕತ್ತಿ ಹಿಡ್ಕೊಂಡು ನಾನು ಕಾಯ್ತಾ ಕೂತಿರ್ತಿದ್ದೆ.”

“ನಿನ್ನ ಪುರಾಣ ಏನು ಕಮ್ಮಿನಾ? ನಿನ್ನ ಅಂಗಡೀಲಿ ಒಂದು ಮಾತಾಡಿದ್ರೆ ಸಂಜೆ ಹೊತ್ತಿಗೆ ಕೊನೇ ಬೀದಿಗೂ ಮುಟ್ಟಿರುತ್ತೆ,” ಎಂದಳು ಅತ್ತೆ.

“ಅದೂ ಒಂದು ಸೇವೆ ಅಲ್ವಾ ಅಕ್ಕ?”

ಅವನು ಕತ್ತಿಯನ್ನು ಮೆಲ್ಲಗೆ ಎಳೆದ. ಒಂದು ತಿಂಗಳಿನಿಂದ ಉಸಿರಿಗಾಗಿ ಒದ್ದಾಡಿದ್ದ ಮುಖ ಈಗ ಸಡಿಲವಾಗಿತ್ತು. ಅದನ್ನು ನೋಡಿದಾಗ ಪುಟ್ಟಿಗೆ ಅಳುವಿಗಿಂತ ಮೊದಲು ಹಗುರವೆನಿಸಿತು. ಹಾಗೆ ಅನಿಸಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ.

“ಹೇಳೋದೇ ಮರೆತೆ,” ಎಂದಳು ಅತ್ತೆ. “ಕಾಲೇಜಿನ ಮೇಡಮ್ಮಿಗೆ ಫೋನು ಮಾಡ್ಸಿದೀನಿ. ಬರ್ತಾರಂತೆ. ಮಣ್ಣು ಮಾಡೋ ಮುಂಚೆ ನಾಲ್ಕು ಮಾತಾಡಿ ಅಂತ ಕೇಳ್ಕೊಂಡೆ. ಅದೇ, ಅಣ್ಣ ಕಂಡುಹಿಡಿದ ಆ ಗಿಡದ ಬಗ್ಗೆ. ಬೀದಿಯೋರೆಲ್ಲ ಕೇಳಿಸ್ಕೊಳ್ಳಲಿ.”

ಕೋಟಿನ ಮೇಲಿದ್ದ ಪುಟ್ಟಿಯ ಕೈ ನಿಂತುಹೋಯಿತು.

* * *

ಅಪ್ಪ ನೀರಿನ ಮೀಟರು ಓದುವವನಾಗಿದ್ದ. ಮೂವತ್ತೆರಡು ವರ್ಷ ಮನೆಮನೆಯ ಗೋಡೆ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಗುಂಡಿಯ ಮುಚ್ಚಳ ತೆಗೆದು, ಅಂಕಿ ಬರೆದುಕೊಳ್ಳುತ್ತಿದ್ದ. ಎಲ್ಲಿ ಕೊಳವೆ ಸೋರುತ್ತದೋ ಅಲ್ಲಿ ಒಂದು ಕಳೆ ಎದ್ದಿರುತ್ತಿತ್ತು. ಅಂಕಿಗೆಂದು ಬಗ್ಗಿದವನ ಕಣ್ಣು ಎಲೆಯ ಮೇಲೆ ನಿಂತಿತು, ನಿಂತದ್ದು ಮತ್ತೆ ಏಳಲಿಲ್ಲ. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ, ರಟ್ಟು ಹರಿದ ಒಂದು ಗಿಡಗಳ ಪುಸ್ತಕವೇ ಅವನಿಗೆ ಗುರು. ಬೇರೇ ಇಲ್ಲದೆ ಬೇರೆ ಗಿಡದ ರಸ ಹೀರಿ ಬದುಕುವ ಹಳದಿ ಬಳ್ಳಿ, ಮಧ್ಯಾಹ್ನ ದಾಟಿದರೆ ಬಾಗಿಲು ಹಾಕುವ ಹೂವು, ಮುಟ್ಟಿದರೆ ಮುದುಡುವ ಎಲೆ, ಇವೆಲ್ಲ ಅವನ ಲೆಕ್ಕದಲ್ಲಿ ಬೀದಿಯ ಜನರೇ. “ಆ ಬಳ್ಳಿ ನಮ್ಮ ಮೇಸ್ತ್ರಿಯ ಹಾಗೆ. ಕೆಲಸ ಇನ್ನೊಬ್ಬಂದು, ಕೊಬ್ಬೋ ಮೈ ತನ್ನದು,” ಎನ್ನುತ್ತಿದ್ದ.

ಗಿಡಗಳನ್ನು ಪತ್ರಿಕೆಯ ಹಾಳೆಗಳ ನಡುವೆ ಇಟ್ಟು, ಮೇಲೆ ಟ್ರಂಕು ಹೇರಿ ಒಣಗಿಸುತ್ತಿದ್ದ. ಹಾಳೆ ತೇವ ಹೀರಿದರೆ ಬದಲಾಯಿಸಬೇಕು. ಎಂಟನೇ ತರಗತಿಗೆ ಶಾಲೆ ಬಿಟ್ಟು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಸ್ತ್ರಿಗೆ ಸೇರಿದ್ದ ಅವಳು, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಅಪ್ಪನ ಪತ್ರಿಕೆಗಳಿಗೂ ಇಸ್ತ್ರಿ ಹಾಕಿ ಬೆಚ್ಚಗೆ ಮಾಡಿ ಕೊಡುತ್ತಿದ್ದಳು. ಒಣಗಿದ್ದನ್ನು ದಪ್ಪ ಕಾಗದಕ್ಕೆ ಅಂಟಿಸಿ, ಹೆಸರು ಬರೆದು ಕಾಲೇಜಿಗೆ ಕಳಿಸುವುದು. ಅಲ್ಲಿ ಒಣಗಿಡಗಳ ಅಲಮಾರುಗಳನ್ನು ನೋಡಿಕೊಳ್ಳುವ ಮೇಡಂ, ಹಾಳೆ ತಲುಪಿತೆಂದು ಎರಡು ಸಾಲು ಬರೆಯುತ್ತಿದ್ದರು.

ನಿವೃತ್ತಿಯಾದ ಮೇಲೆ ಕಣ್ಣಿನ ನರ ಸೋತಿತು. ಅಲ್ಲಿಂದ ಅವಳೇ ಕಣ್ಣು.

“ಎಲೆ ಎದುರುಬದುರಾ, ಒಂದು ಬಿಟ್ಟು ಒಂದಾ?”

“ಎದುರುಬದುರು.”

“ಕೂದಲು?”

“ಇಲ್ಲಪ್ಪ.”

“ಕಾಂಡ ಮುರಿ. ಹಾಲು ಬಂತಾ? ಎಲೆ ಎಷ್ಟಾದ್ರೂ ಸುಳ್ಳು ಹೇಳುತ್ತೆ, ಕಾಂಡ ಹೇಳಲ್ಲ.”

ಎರಡು ವರ್ಷದ ಹಿಂದೆ ಒಂದು ಸಂಜೆ, ಬಸ್ ಡಿಪೋದ ಗೋಡೆ ಬುಡದಲ್ಲಿ ನೆಲಕ್ಕಂಟಿ ಹರಡಿದ್ದ ಕೆಂಪು ಅಂಚಿನ ಎಲೆಯ ಒಂದು ಕಳೆ. ಅಂದು ಕಾರ್ಖಾನೆಯಲ್ಲಿ ನಾನೂರು ಅಂಗಿ ಮುಗಿಸಿ ಬಂದಿದ್ದಳು. ಅಂಗೈ ಉರಿಯುತ್ತಿತ್ತು. ಗಿಡ ಕೈಯಲ್ಲಿತ್ತು, ಪಕ್ಕದಲ್ಲಿದ್ದ ಅಪ್ಪ ಕಾಂಡ ಮುರಿ ಎಂದಾಗ ಬೆರಳು ಮಡಿಸುವುದೇ ಬೇಡವೆನಿಸಿತ್ತು. ಇಂಥ ಗಿಡಕ್ಕೆಲ್ಲ ಹಾಲಿದ್ದೇ ಇರುತ್ತದೆ ಎಂದುಕೊಂಡು ಮುರಿಯದೆಯೇ ಹೇಳಿದಳು: “ಬಂತಪ್ಪ.”

ಅಪ್ಪ ಕಿವಿಯನ್ನು ಅವಳ ಕೈಯತ್ತ ವಾಲಿಸಿದ. “ಬಂತಾ?”

“ಬಂತು.”

ರಾತ್ರಿಯೆಲ್ಲ ಅವಳ ಕೈಲಿ ಪುಸ್ತಕ ಓದಿಸಿದ. ಹಾಲಿರುವ, ಕೆಂಪು ಅಂಚಿನ, ನೆಲಕ್ಕಂಟಿದ ಆ ಜಾತಿ ಈ ಊರಲ್ಲಿ ಇದೆಯೆಂದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಬೆಳಗಾಗುವುದರೊಳಗೆ ಅತ್ತೆಗೆ, ಅತ್ತೆಯಿಂದ ಬೀದಿಗೆ ಸುದ್ದಿ ಮುಟ್ಟಿತು. ಮೂರು ದಿನ ಬಿಟ್ಟು ಅವಳು ಗುಟ್ಟಾಗಿ ಅದೇ ಗೋಡೆಯ ಹತ್ತಿರ ಹೋಗಿ ಒಂದು ಕಾಂಡ ಮುರಿದಳು. ಬೆರಳು ಒಣಗಿಯೇ ಇತ್ತು. ಅಷ್ಟು ಹೊತ್ತಿಗೆ ಹಾಳೆ ಅಂಚೆಯಲ್ಲಿತ್ತು.

ಮೇಡಮ್ಮಿನಿಂದ ಉತ್ತರ ಬರಲಿಲ್ಲ. ಅಪ್ಪನೂ ಆ ಗಿಡದ ಮಾತೆತ್ತುವುದನ್ನು ಬಿಟ್ಟ. ಕಾದು ಕಾದು ಸೋತಿದ್ದಾನೆ ಎಂದೇ ಅವಳು ತಿಳಿದಳು. ಹೊಸದೊಂದು ಚಾಳಿ ಮಾತ್ರ ಅಂಟಿಕೊಂಡಿತ್ತು: ಯಾವ ಗಿಡ ತಂದರೂ “ನನ್ನ ಕಿವಿ ಹತ್ರ ಹಿಡಿದು ಮುರಿ” ಎನ್ನುತ್ತಿದ್ದ. ವಯಸ್ಸಾದವರ ಹುಚ್ಚು ಎಂದುಕೊಂಡು ಹಾಗೇ ಮಾಡುತ್ತಿದ್ದಳು.

* * *

ಸ್ಮಶಾನ ಎರಡು ಬೀದಿ ಆಚೆ. ಅಪ್ಪನನ್ನು ಹೊತ್ತವರು ಮುಂದೆ ಹೋದರು. ಮೇಡಂ ಹಿಂದೆ ಉಳಿದಿದ್ದರು. ಹತ್ತಿ ಸೀರೆ, ಹೆಗಲಿಗೊಂದು ಬಟ್ಟೆಯ ಚೀಲ, ಒಂದು ಕಾಲು ಎಳೆದು ನಡೆಯುವ ಹೆಂಗಸು. ಎರಡು ಹೆಜ್ಜೆಗೊಮ್ಮೆ ಗೋಡೆಯ ಬುಡ ನೋಡುತ್ತಿದ್ದರು, ಥೇಟ್ ಅಪ್ಪನ ಹಾಗೆ.

ಅವಳು ನಡಿಗೆ ನಿಧಾನ ಮಾಡಿದಳು. ಅಪರಿಚಿತರ ಹತ್ತಿರ ತಾನಾಗಿ ಮಾತಾಡಿದ್ದು ಅವಳ ಜನ್ಮದಲ್ಲೇ ಕಡಿಮೆ. ಆದರೆ ಗೇಟು ಹತ್ತಿರ ಬರುತ್ತಿತ್ತು.

“ಮೇಡಂ, ಒಂದು ನಿಮಿಷ.”

“ಹೇಳಮ್ಮ. ಹಾಳೆ ಮೇಲೆ ಹೆಸರು ಬರೀತಿದ್ದೋಳು ನೀನೇ ಅಲ್ವಾ? ಅಕ್ಷರ ಗುಂಡಗಿದೆ.”

“ಆ ಕೆಂಪು ಅಂಚಿನ ಗಿಡ… ಅದು ತಪ್ಪು. ಆದ್ರೆ ತಪ್ಪು ಅಪ್ಪಂದಲ್ಲ. ಮುರಿ ಅಂದ್ರು, ನಾನು ಮುರೀಲಿಲ್ಲ. ಹಾಲು ಬಂತು ಅಂತ ಸುಳ್ಳು ಹೇಳ್ದೆ. ಅಲ್ಲಿ ಎಲ್ಲರ ಮುಂದೆ ಏನಾದ್ರೂ ಹೇಳೋದಿದ್ರೆ ನನ್ನ ಹೆಸರು ಹೇಳಿ. ಅವರ ಹೆಸರು ಬೇಡ.”

ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಮೇಡಂ ಅವಳನ್ನೇ ನೋಡಿದರು. “ನನಗೆ ಗೊತ್ತು,” ಎಂದರು.

“ನೋಡಿದ ಕೂಡ್ಲೆ ಗೊತ್ತಾಗಿರಬೇಕು.”

“ನೋಡಿ ಗೊತ್ತಾಗೋ ಮುಂಚೆ ಇದು ಬಂತು.” ಚೀಲದಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಕೊಟ್ಟರು. “ನಿನಗೆ ಕೊಡೋಣ ಅಂತಲೇ ತಂದೆ. ಅವರಿದ್ದಾಗ ಕೊಡೋ ಹಾಗಿರಲಿಲ್ಲ.”

ಅಕ್ಷರ ಅವಳದಲ್ಲ. ಓರೆಯಾಗಿ ಸಾಲು ಇಳಿದಿತ್ತು, ಮೂಲೆಯಲ್ಲಿ ಸೋಪಿನ ನೊರೆ ಒಣಗಿದ ಕಲೆ. ಮಾತು ಮಾತ್ರ ಅಪ್ಪನದು.

“ಹೋದ ವಾರ ಕಳಿಸಿದ ಹಾಳೆಯ ಹೆಸರು ತಪ್ಪು. ದಯವಿಟ್ಟು ಪಕ್ಕಕ್ಕಿಡಿ. ಮುರಿ ಎಂದೆ, ಮುರಿದ ಸದ್ದು ಕೇಳಲಿಲ್ಲ. ಆದರೂ ಆಸೆಗೆ ಬಿದ್ದು ನಂಬಿದೆ. ನಿನ್ನೆ, ಇದನ್ನು ಬರೆಯುತ್ತಿರುವ ಇವನ ಕೈ ಹಿಡಿದು ಹೋಗಿ ನಾನೇ ಮುರಿದೆ. ಬೆರಳಿಗೆ ಏನೂ ಅಂಟಲಿಲ್ಲ. ಹಗಲೆಲ್ಲ ನಿಂತು ಇಸ್ತ್ರಿ ಹಾಕಿ ಬಂದ ಹುಡುಗಿಯನ್ನು ಕೇಳಿದ್ದು ನನ್ನ ತಪ್ಪು. ಇದಕ್ಕೆ ಉತ್ತರ ಬರೆಯಬೇಡಿ. ಬಂದ ಕಾಗದ ಓದಿ ಹೇಳುವವಳು ಅವಳೇ.”

ಅವಳು ಎರಡು ಸಲ ಓದಿದಳು. ತಲೆ ಎತ್ತಿದಾಗ ಗೇಟಿನ ಹತ್ತಿರ ಕ್ಷೌರದಂಗಡಿಯ ಮಾಮ ನಿಂತು ಇತ್ತಲೇ ನೋಡುತ್ತಿದ್ದ. ಕಾಗದ ಕಂಡದ್ದೇ ಮುಖ ತಿರುಗಿಸಿ ಆಕಾಶ ನೋಡತೊಡಗಿದ.

“ಮಾಮ, ಎರಡು ವರ್ಷ ಬಾಯಿ ಬಿಡಲಿಲ್ವಾ?” ಎಂದಳು ಹತ್ತಿರ ಹೋಗಿ.

“ಏನ್ ಮಾಡ್ಲಿ ಪುಟ್ಟಮ್ಮ? ಒಂದು ಮಾತು ಹೊರಗೆ ಬಂದ್ರೆ ಗಡ್ಡ ಬಿಡ್ತೀನೇ ಹೊರತು ನಿನ್ನ ಅಂಗಡಿ ಮೆಟ್ಟಿಲು ಹತ್ತಲ್ಲ ಅಂದ್ಬಿಟ್ಟ ನಿಮ್ಮಪ್ಪ.” ಮೂಗು ಒರೆಸಿಕೊಂಡ. “ಹೊಟ್ಟೆ ಉಬ್ಬಿ ಹೋಗಿತ್ತು ನಂಗೆ. ಈಗ ಹಗುರ ಆಯ್ತು.”

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ತಡೆಯಲಿಲ್ಲ.

ಗುಂಡಿಯ ಸುತ್ತ ಬೀದಿಯ ಜನ ನಿಂತಿದ್ದರು. ಅತ್ತೆ ಮೇಡಮ್ಮನ್ನು ಮುಂದೆ ಕರೆದಳು. ಮೇಡಂ ಗಂಟಲು ಸರಿಮಾಡಿಕೊಂಡರು.

“ನನಗೆ ಭಾಷಣ ಬರಲ್ಲ. ಇವರು ನಮಗೆ ಇನ್ನೂರ ಹದಿನಾರು ಹಾಳೆ ಕಳಿಸಿದಾರೆ. ಒಂದರಲ್ಲಿ ತಪ್ಪಿತ್ತು. ಕಂಡುಹಿಡಿದೆ ಅಂತ ಇವರು ಸಂತೋಷಪಟ್ಟಿದ್ದು ಅದನ್ನೇ. ಅದು ತಪ್ಪು ಅಂತ ಮೊದಲು ಕಂಡುಹಿಡಿದವರೂ ಇವರೇ, ಅದೂ ಕಣ್ಣು ಕಾಣದೆ. ನಾನು ನನ್ನ ವಿದ್ಯಾರ್ಥಿಗಳಿಗೆ ಮೊದಲು ತೋರಿಸೋದು ಆ ಹಾಳೆ.”

ಅತ್ತೆ ಅರ್ಥವಾಗದೆ ಸುತ್ತ ನೋಡಿದಳು. “ಒಟ್ಟಿನಲ್ಲಿ ಒಳ್ಳೇದೇ ತಾನೇ ಹೇಳಿದ್ದು?” ಎಂದು ಪಿಸುಗುಟ್ಟಿದಳು.

“ಒಳ್ಳೇದೇ ಅತ್ತೆ.”

ಖಾಕಿ ಕೋಟಿನಲ್ಲಿ ಅಪ್ಪನನ್ನು ಇಳಿಸಿದರು. ಸಿಡಿಯದೆ ಉಳಿದ ಕಾಯಿಗಳನ್ನು ಅವಳು ಬೆಳಿಗ್ಗೆಯೇ ಜೇಬಿಗೆ ಹಿಂದಿರುಗಿಸಿದ್ದಳು.

ಜನ ಚದುರಿದರು. ಮಣ್ಣು ತೆಗೆಯುವವನು ಸಲಿಕೆ ತೊಳೆಯಲು ನಲ್ಲಿಯತ್ತ ಹೋದ. ಅವಳು ಸ್ಮಶಾನದ ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತಳು. ಅಲ್ಲಿಯೂ ಇತ್ತು, ಅದೇ ಕೆಂಪು ಅಂಚಿನ ಎಲೆ, ನೆಲಕ್ಕಂಟಿ ಅಂಗೈಯಗಲ ಹರಡಿತ್ತು. ಒಂದು ಕವಲನ್ನು ಬಿಡಿಸಿಕೊಂಡು ಹಸಿ ಮಣ್ಣಿನ ದಿಬ್ಬದ ಬಳಿಗೆ ಬಂದಳು. ತಲೆಯ ಕಡೆ ಬಗ್ಗಿ, ಗಿಡವನ್ನು ಮಣ್ಣಿಗೆ ತಾಗುವಷ್ಟು ಕೆಳಗೆ ಹಿಡಿದಳು.

ಟಕ್ಕೆಂದು ಮುರಿಯಿತು.

ಮುರಿದ ತುದಿಯನ್ನು ಹೆಬ್ಬೆರಳಿಗೆ ಒತ್ತಿ, ಸ್ವಲ್ಪ ಹೊತ್ತು ಕಾದು, ಬಿಸಿಲಿಗೆ ಹಿಡಿದು ನೋಡಿದಳು.

“ಹಾಲಿಲ್ಲಪ್ಪ,” ಎಂದಳು.