ಐರಣಿ ಗಡಿಗೆಯ ಸೊಟ್ಟ ಬಳ್ಳಿ

ಕಂಪ್ಲಿಯ ನಮ್ಮ ಓಣಿಯಲ್ಲಿ ಕುಂಬಾರರ ಮನೆಗಳು ಈಗ ಎರಡೇ ಉಳಿದಿವೆ. ಒಂದು ನಮ್ಮದು, ಗೋಡೆಯಾಚೆಯದು ಚಂದ್ರಕಲಾಳದು. ಮದುವೆಯ ಹಂದರದಲ್ಲಿಟ್ಟು ಪೂಜಿಸುವ ಐರಣಿ ಗಡಿಗೆಗಳನ್ನು ಜನ ಬಾಜಾ ಬಾರಿಸಿಕೊಂಡು ಬಂದು ನಮ್ಮಿಂದಲೇ ಒಯ್ಯುತ್ತಾರೆ. ಗಡಿಗೆ ಮಾಡುವುದು ಗಂಡಸರು. ಅದರ ಮೇಲೆ ಸುಣ್ಣ, ಕೆಮ್ಮಣ್ಣಿನಲ್ಲಿ ಬಳ್ಳಿ ಬರೆಯುವುದು ಹೆಂಗಸರು. ನಾನು ಬರೆದ ಬಳ್ಳಿ ಹೊಸಪೇಟೆ, ಸಂಡೂರಿನವರೆಗೂ ಹೋಗಿದೆ.

ಮೊಮ್ಮಗಳು ಸುನಿತಾಳ ಮದುವೆ ನಿಶ್ಚಯವಾದ ಕೂಡಲೇ ಕೆಮ್ಮಣ್ಣು ನೆನೆಸಿದೆ. ನನ್ನ ಗಂಡ ಎರ್ರಿಯಪ್ಪ ನೋಡಿ ನಕ್ಕರು.

“ಮರ್ತಿಯೇನು? ಕುಂಬಾರರ ಮನಿ ಮದ್ವಿಗೆ ಸ್ವಂತ ಮನಿ ಐರಣಿ ಆಗಂಗಿಲ್ಲ. ಚಂದ್ರಕಲಾಗ ಹೇಳಬೇಕು.”

ಮರೆತಿರಲಿಲ್ಲ. ಆಸೆ ಇತ್ತು, ಅಷ್ಟೆ.

ಸುನಿತಾ ತೋರಣಗಲ್ಲಿನಲ್ಲಿ ಕೆಲಸ ಮಾಡುವ ಹುಡುಗಿ. ರಜೆ ಹಾಕಿ ಬಂದವಳು, ತನ್ನ ಐರಣಿಗೆ ತಾನೂ ಬರೆಯಬೇಕೆಂದು ಗೋಡೆಯಾಚೆ ಹೋಗಿ ಕುಳಿತಳು. ಇಬ್ಬರ ನಗು ಇಲ್ಲಿಗೆ ಕೇಳಿಸುತ್ತಿತ್ತು. ಬೇಳೆ ಆರಿಸುತ್ತಿದ್ದ ನಾನು ಕಲ್ಲು ಬಿಟ್ಟು ಬೇಳೆಯನ್ನೇ ಎಸೆದೆ.

ಸಂಜೆ ಕೈತುಂಬ ಕೆಮ್ಮಣ್ಣು ಮಾಡಿಕೊಂಡು ಬಂದಳು. “ಅಜ್ಜಿ, ಚಂದ್ರಕಲಾ ಅತ್ತಿ ಭಾಳ ಚಂದ ಹೇಳಿಕೊಡ್ತಾಳ.”

“ಕೈ ತೊಳ್ಕೊ. ಉಣ್ಣು,” ಅಂದೆ.

ಮದುವೆಯ ಹಿಂದಿನ ದಿನ ಬಾಜಾದವರೊಂದಿಗೆ ಚಂದ್ರಕಲಾಳ ಬಾಗಿಲಿಗೆ ಹೋದೆವು. ಅವಳಿಗೆ ಉಡಿ ತುಂಬಿ, ಗಡಿಗೆಗಳಿಗೆ ಪೂಜೆ ಮಾಡಿದೆವು. ಒಡಕು ಸದ್ದು ಬಂದೀತೇನೋ ಎಂದು ಒಂದನ್ನು ಬೆರಳಿನಿಂದ ಬಡಿದು ನೋಡಿದೆ. ಗಂಟೆಯ ಹಾಗೆ ಮೊಳಗಿತು.

“ಯಾಕ್ರಿ ಜಂಬಕ್ಕ, ಸೀಳು ಬಿಟ್ಟೇತೇನು?” ಸೆರಗಿನಲ್ಲಿ ನಗು ಮುಚ್ಚಿಕೊಂಡು ಕೇಳಿದಳು ಚಂದ್ರಕಲಾ.

“ಗಡಿಗಿ ಗಟ್ಟಿ ಐತಿ. ಬಳ್ಳಿ ಸೊಟ್ಟ ಆಗೇತಿ ನೋಡು. ಇಷ್ಟ್ ವರ್ಷ ಆತು, ನಿನ್ ಕೈ ಇನ್ನಾ ಕುಂದ್ರವಲ್ದು.”

“ಅದು ನಾ ಬರದಿದ್ದು, ಅಜ್ಜಿ,” ಅಂದಳು ಸುನಿತಾ.

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

“ನಂದು ಈ ಬದಿ ಐತಿ, ನೋಡ್ರಿ,” ಎಂದು ಚಂದ್ರಕಲಾ ಗಡಿಗೆ ತಿರುಗಿಸಿದಳು. ನೋಡಿದೆ. ಒಂದೊಂದು ಎಲೆಯೂ ಈಗಷ್ಟೇ ಚಿಗುರಿದ ಹಾಗಿತ್ತು. ಒಂದಾದರೂ ತಪ್ಪು ಹುಡುಕಿದೆ, ಸಿಗಲಿಲ್ಲ.

ಬಾಜಾ ಶುರುವಾಯಿತು. ಗಡಿಗೆ ಎತ್ತಿ ಸೊಂಟದ ಮೇಲಿಟ್ಟುಕೊಂಡೆ. ಚಂದ್ರಕಲಾಳ ಬಳ್ಳಿಯನ್ನು ಸೀರೆಗೆ ಒತ್ತಿಕೊಂಡೆ. ಕೆಮ್ಮಣ್ಣು ಹತ್ತಿದರೆ ಹತ್ತಲಿ. ಸುನಿತಾಳ ಸೊಟ್ಟ ಬಳ್ಳಿಯನ್ನು ಊರಿಗೆಲ್ಲ ಕಾಣುವಂತೆ ಹೊರಗೆ ಮಾಡಿ ಹೊರಟೆ.

“ಜಂಬಕ್ಕ, ನನ್ ಬದಿ ಹೊರಗ ಮಾಡ್ರಿ!” ಹಿಂದಿನಿಂದ ಚಂದ್ರಕಲಾ ಕೂಗಿದಳು.

“ಬಾಜಾ ಸದ್ದಿಗೆ ಏನೂ ಕೇಳವಲ್ದು,” ಎಂದು ಬಿರಬಿರನೆ ನಡೆದೆ.