ಪದ್ಮಾಕ್ಷಿಯ ಕೈಗುಣ

ಅಳದಂಗಡಿ ಹತ್ತಿರದ ನಮ್ಮ ಊರಲ್ಲಿ ಬೀಜ ಹಾಕುವುದಕ್ಕೂ ಕೈಗುಣ ನೋಡುತ್ತಾರೆ. ಯಾರು ಹಾಕಿದರೆ ಚೆನ್ನಾಗಿ ಹುಟ್ಟುತ್ತದೋ ಅವರನ್ನೇ ಕರೆದು ಹಾಕಿಸುವ ಕ್ರಮ. ಕರೆಯುವುದರಲ್ಲಿ ತಪ್ಪೇನಿಲ್ಲ, ಚಹಾ ಕುಡಿಯಲು ಒಂದು ನೆಪವಾಯಿತು. ಆದರೆ ನಿನಗೆ ಕೈಗುಣ ಇಲ್ಲ ಎಂದು ಒಬ್ಬಳಿಗೆ ಹೇಳಿಬಿಟ್ಟರೆ ಅವಳಿಗೆ ಹೇಗಾಗುತ್ತದೆ ಎನ್ನುವುದನ್ನು ನಮ್ಮ ಸ್ವಸಹಾಯ ಸಂಘದ ಪದ್ಮಾಕ್ಷಿಯ ಹತ್ತಿರವೇ ಕೇಳಬೇಕು.

ಪದ್ಮಾಕ್ಷಿಯ ಮನೆ ಬಾವಿಯ ಪಕ್ಕ ಸ್ವಲ್ಪ ಖಾಲಿ ಜಾಗ ಉಂಟು. ಒಳ್ಳೆ ಬಿಸಿಲು ಬೀಳುವ ಜಾಗ. ಉಳಿದದ್ದೆಲ್ಲ ಅಡಿಕೆ, ರಬ್ಬರ್. ಇದೊಂದು ತನಗಿರಲಿ, ಮನೆಗೆ ಬೇಕಾದ ತರಕಾರಿ ಇಲ್ಲೇ ಆಗಲಿ ಎಂದು ಅವಳ ಆಸೆ. ಅವಳ ತಂಗಿಯನ್ನು ಕೊಟ್ಟದ್ದು ಘಟ್ಟದ ಮೇಲೆ. ತಂಗಿಯ ಹಿತ್ತಲಿನ ಹೂಕೋಸು ನೋಡಿ ಇವಳಿಗೂ ಮನಸ್ಸಾಯಿತು. ಬೀಜ ತಂದು ಮಳೆಗಾಲದ ಶುರುವಿಗೇ ಹಾಕಿದಳು. ಆಟಿ ತಿಂಗಳ ಜಡಿಮಳೆಗೆ ಸಸಿಗಳೆಲ್ಲ ಬುಡದಲ್ಲೇ ಕೊಳೆತು ಬಿದ್ದವು. ಹೋಗಲಿ ಎಂದು ಕ್ಯಾರೆಟ್ ಹಾಕಿದಳು. ಮೇಲೆ ಎಲೆ ಬಂತು, ಕಿತ್ತು ನೋಡಿದರೆ ಕೆಳಗೆ ಇಲಿಯ ಬಾಲ.

“ನಿನಗೆ ಕೈಗುಣ ಇಲ್ಲ ಮಗಾ,” ಎಂದರು ಮಾವ ಲೋಕಯ್ಯ. ಬೈದದ್ದಲ್ಲ, ಕನಿಕರದಿಂದಲೇ ಹೇಳಿದ್ದು. ಪದ್ಮಾಕ್ಷಿಗೆ ಅದೇ ಹೆಚ್ಚು ನೋವಾಯಿತು.

“ಸುಮ್ಮನೆ ಜಾಗ ಹಾಳು,” ಎಂದ ಗಂಡ ಅಶೋಕ್. “ನವರಾತ್ರಿ ಕಳೆದ ಕೂಡಲೇ ಅಲ್ಲಿಗೂ ಅಡಿಕೆ ಸಸಿ ಇಡುವ.”

ಕೈಯೇ ಸರಿ ಇಲ್ಲದ ಮೇಲೆ ಅವಳು ಯಾವ ಬಾಯಲ್ಲಿ ವಾದ ಮಾಡುವುದು?

ಆಗ ಹಾಲು ತೆಗೆದುಕೊಂಡು ಹೋಗಲು ಬಂದವಳು ನೆರೆಮನೆಯ ಜುವೈರಿಯಾ. ಅವಳ ಹಿತ್ತಲಲ್ಲಿ ವರ್ಷವಿಡೀ ತರಕಾರಿ. ತನ್ನ ಬಸಳೆಯ ವರ್ಣನೆ ಶುರು ಮಾಡಿದಳೆಂದರೆ ನಮ್ಮ ಚಹಾ ಆರಿಹೋಗುತ್ತದೆ, ಅಷ್ಟು ಜಂಬ.

“ಎಂತ ಪದ್ಮಕ್ಕ, ಮುಖ ಬಾಡಿದೆ?”

“ಬಾವಿಕಟ್ಟೆಯ ಜಾಗ ಹೋಯ್ತು ಮಾರಾಯ್ತಿ. ನನ್ನ ಕೈಯಲ್ಲಿ ಏನೂ ಹುಟ್ಟುವುದಿಲ್ಲ.”

ಜುವೈರಿಯಾ ಸುತ್ತ ನೋಡಿದಳು. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಸೌದೆ ರಾಶಿಯ ಮೇಲೆ ಒಂದು ಸೌತೆಬಳ್ಳಿ ಹಬ್ಬಿತ್ತು. ಎಲೆಯ ಅಡಿಯಲ್ಲಿ ಎರಡು ದಪ್ಪ ಕಾಯಿ.

“ಇದು ಯಾರು ನೆಟ್ಟದ್ದು?”

“ಯಾರೂ ನೆಟ್ಟದ್ದಲ್ಲ. ಸಾಂಬಾರಿಗೆ ಸೌತೆ ಕೊರೆದಾಗ ತಿರುಳು ಅಲ್ಲಿಗೆ ಎಸೆಯುತ್ತೇನೆ. ಅದೇ ಎದ್ದದ್ದು.”

“ಎಸೆದದ್ದು ಯಾರ ಕೈ?”

ಪದ್ಮಾಕ್ಷಿ ತನ್ನ ಕೈಯನ್ನೇ ನೋಡಿಕೊಂಡಳು.

ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದ ಲೋಕಯ್ಯ, “ಅದು ತಾನಾಗಿ ಆದದ್ದು, ಲೆಕ್ಕಕ್ಕಿಲ್ಲ,” ಎಂದರು.

“ತಾನಾಗಿ ಆಗುವುದೇ ಲೆಕ್ಕಕ್ಕೆ ಅಜ್ಜ! ನಮ್ಮ ಮಣ್ಣು, ನಮ್ಮ ಸೆಕೆ ಅದಕ್ಕೆ ಹಿಡಿಸಿದೆ. ಹೂಕೋಸಿಗೂ ಕ್ಯಾರೆಟಿಗೂ ಚಳಿ ಬೇಕು. ಅದೆಲ್ಲ ಘಟ್ಟದ ಮೇಲಿಂದ ಚಾರ್ಮಾಡಿ ಘಾಟಿ ಇಳಿದು ಲಾರಿಯಲ್ಲಿ ಬರುವ ತರಕಾರಿ. ಹೂಕೋಸನ್ನು ಆಟಿ ಮಳೆಯಲ್ಲಿ ನಿಲ್ಲಿಸಿದರೆ ಕೊಳೆಯದೆ ಇರುತ್ತದಾ? ನೀವು ನೆಟ್ಟರೂ ಅಷ್ಟೆ!”

ಲೋಕಯ್ಯ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

“ಹಾಗಾದ್ರೆ ಎಂತ ಹಾಕುವುದು?” ಅಶೋಕ್ ಕೇಳಿದ. ನಂಬಿಕೆಯಿಂದ ಅಲ್ಲ, ಸೋಲಿಸುವುದಕ್ಕೆ.

“ನಿಮ್ಮ ಅಡಿಗೆಮನೆಯನ್ನು ಕೇಳಿ. ದಿನಾ ಬೇಯುವುದು ಯಾವುದು ಪದ್ಮಕ್ಕ?”

“ಅಲಸಂಡೆ, ಹರಿವೆ, ಸೌತೆ. ಬಸಳೆ ಅಂದ್ರೆ ಇವರಿಗೆ ಜೀವ.”

“ಕ್ಯಾರೆಟ್?”

“ನೆಂಟರು ಬಂದ್ರೆ.”

“ನೆಂಟರಿಗೆ ಬೆಳ್ತಂಗಡಿ ಪೇಟೆಯಿಂದ ತನ್ನಿ. ಹಿತ್ತಲಲ್ಲಿ ನಿಮಗೆ ಬೇಕಾದ್ದು ಹಾಕಿ. ಈಗ ಮಳೆ ಬಿಡ್ತಾ ಉಂಟು, ನೀವು ಹೇಳಿದ ನಾಲ್ಕಕ್ಕೂ ಇದೇ ಹೊತ್ತು. ಬೆಂಡೆ, ಹೀರೆ, ಹಸಿ ತಿನ್ನುವ ಮುಳ್ಳುಸೌತೆ ಬರುವ ಮಳೆಗಾಲಕ್ಕೆ ಇರಲಿ. ಅದನ್ನು ಮಣ್ಣು ಏರಿಸಿ ಹಾಕಿದ್ರೆ ಬುಡದಲ್ಲಿ ನೀರು ನಿಲ್ಲುವುದಿಲ್ಲ. ಮತ್ತೆ, ಹರಿವೆಯನ್ನೆಲ್ಲ ಒಂದೇ ದಿನ ಬಿತ್ತಬೇಡಿ. ಒಂದು ಮಡಿ ಈಗ, ಇನ್ನೊಂದು ಸ್ವಲ್ಪ ದಿನ ಬಿಟ್ಟು. ಇಲ್ಲದಿದ್ರೆ ಒಮ್ಮೆಲೇ ರಾಶಿ ಆಗಿ ಆಮೇಲೆ ಏನೂ ಇರುವುದಿಲ್ಲ.”

“ಒಂದು ಬೇಸಗೆ ನೋಡುವ,” ಎಂದ ಅಶೋಕ್. “ಆಗದಿದ್ರೆ ಅಡಿಕೆಯೇ.”

ತರಗೆಲೆ ರಾಶಿಗೆ ಮಣ್ಣು ಹಾಕಿ ಸುಟ್ಟು, ಗೊಬ್ಬರಕ್ಕೆ ಸುಡುಮಣ್ಣು ಮಾಡಿಕೊಟ್ಟದ್ದು ಲೋಕಯ್ಯ. ಗೊಣಗುತ್ತಲೇ ಬಸಳೆಗೆ ಚಪ್ಪರ ಹಾಕಿದ್ದು ಅಶೋಕ್. ಬೀಜ ಹಾಕಿದ್ದು ಮಾತ್ರ ಪದ್ಮಾಕ್ಷಿಯೇ. ಈ ಸಲವೂ ಹೋದರೆ ಜಾಗವೂ ಹೋಯಿತು, ಮಾನವೂ ಹೋಯಿತು.

ಒಂದು ಬೆಳಿಗ್ಗೆ ನೀರು ಸೇದಲು ಹೋದವಳು ಕೊಡ ಅಲ್ಲೇ ಬಿಟ್ಟು ಕೂತಳು. ಮಡಿಯ ತುಂಬ ಕೆಂಪು ಹರಿವೆಯ ಸಣ್ಣ ಸಣ್ಣ ಮೊಳಕೆ. “ಅಬ್ಬಾ ದೇವರೇ!” ಎಂದಳಂತೆ. ನಗು ಬಂತು, ಜೊತೆಗೆ ಅಳುವೂ ಬಂತು. ತನ್ನ ಕೈಯಲ್ಲಿ ಏನೂ ದೋಷ ಇರಲಿಲ್ಲ!

ಬೇಸಗೆಯಲ್ಲಿ ಆ ಮನೆಯವರು ಬಸಳೆ ತಿಂದು ಮಿಕ್ಕಿದ್ದನ್ನು ನಮಗೆಲ್ಲ ಹಂಚಿದರು. ಅಶೋಕನ ಬಾಯಲ್ಲಿ ಅಡಿಕೆ ಸಸಿಯ ಸುದ್ದಿಯೇ ಇಲ್ಲ. ಚಪ್ಪರವನ್ನು ಇನ್ನೂ ಸ್ವಲ್ಪ ಆಚೆಗೆ ಎಳೆಯುವುದಾ ಎಂದು ಅವನೇ ಕೇಳುತ್ತಿದ್ದಾನೆ.

ಮೊನ್ನೆ ಮಳೆ ಶುರುವಾಗುವ ಹೊತ್ತಿಗೆ ಕೆಳಮನೆಯ ನೋಣಯ್ಯ ಬಂದು ಬೀಜ ಹಾಕಿಸಬೇಕು ಎಂದರು. “ನಮ್ಮ ಪದ್ಮಾಕ್ಷಿಯನ್ನು ಕರ್ಕೊಂಡು ಹೋಗು, ಒಳ್ಳೆ ಕೈಗುಣ ಉಂಟು,” ಎಂದರು ಲೋಕಯ್ಯ.

ಹಾಲಿಗೆ ಬಂದಿದ್ದ ಜುವೈರಿಯಾ ಹಣೆ ಚಚ್ಚಿಕೊಂಡಳು. “ಅಜ್ಜ, ನಾನು ಇಷ್ಟು ಹೇಳಿ ಎಂತ ಪ್ರಯೋಜನ!”

ಪದ್ಮಾಕ್ಷಿ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. “ಯಾವ ಬೀಜ ನೋಣಯ್ಯಣ್ಣ?”

“ಹೂಕೋಸು.”

“ಅದಕ್ಕೆ ನಾನು ಬರುವುದಿಲ್ಲ. ಬೆಂಡೆಗಾದ್ರೆ ಈಗಲೇ ಬರ್ತೇನೆ, ನಡೆಯಿರಿ.”

ಅಕ್ಕಂದಿರೇ, ಅಣ್ಣಂದಿರೇ, ಬೀಜದ ಪೊಟ್ಟಣದ ಮೇಲಿನ ಚಿತ್ರ ನೋಡಿ ಮರುಳಾಗಬೇಡಿ. ಮೊದಲು ನಿಮ್ಮ ಅಡಿಗೆಮನೆಯಲ್ಲಿ ಬೇಯುವುದನ್ನು ನೋಡಿ, ಮತ್ತೆ ಬಿಸಿಲು ನೋಡಿ, ಮಳೆ ನೋಡಿ. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರವೂ ಒಮ್ಮೆ ಬಗ್ಗಿ ನೋಡಿ. ನೀವು ಎಸೆದ ಬೀಜ ಅಲ್ಲಿ ಎದ್ದು ನಿಂತಿದ್ದರೆ ಈ ವರ್ಷ ಅದರಿಂದಲೇ ಶುರು ಮಾಡಿ. ನಿಮ್ಮ ಕೈ ಸರಿಯಾಗಿಯೇ ಉಂಟು.